ಮಳೆಗಾಲದಲ್ಲೂ ಕೈಕೊಡದ ಆಟೋಕಂಪ್ಲೀಷನ್: ನಿಯೋವಿಮ್‌ನಲ್ಲಿ ನಾನು ಮಾಡ್ಕೊಂಡ ಸೆಟಪ್

ಶಿರಸಿ ಸುತ್ತಮುತ್ತ ಹಳ್ಳಿಮನೇಲಿ ಕೂತು ಕೋಡ್ ಬರೆಯೋರಿಗೆ ಮೊದಲೇ ಒಂದು ಹೇಳ್ಬಿಡ್ತೆ, ಒಳ್ಳೆ ಆಟೋಕಂಪ್ಲೀಷನ್‌ಗೆ, ಅಂದ್ರೆ ಟೈಪ್ ಮಾಡ್ತಿದ್ದ ಹಾಗೆ ಮುಂದೆ ಬರೋ ಹೆಸರುಗಳ ಲಿಸ್ಟ್ ತೋರಿಸೋದಕ್ಕೆ, ಇಂಟರ್ನೆಟ್ ಬೇಕು ಅಂತೇನಿಲ್ಲ. ಜೂನ್ ಜುಲೈಲಿ ಇಲ್ಲಿ ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಿಗೆ ಟವರ್ರೂ ಹೋಗ್ತದೆ, ಲ್ಯಾಪ್‌ಟಾಪ್ ಬ್ಯಾಟರಿ ಮಾತ್ರ ಇರ್ತದೆ. ಆಗ ಕ್ಲೌಡ್‌ನಿಂದ ಬರೋ ಎಐ ಸಲಹೆ ಎಲ್ಲ ಬಂದ್. ನಮ್ಮ ಮಷೀನ್ ಒಳಗೇ ಓಡೋ ಲ್ಯಾಂಗ್ವೇಜ್ ಸರ್ವರ್, ಅಂದ್ರೆ ನಮ್ಮ ಕೋಡ್ ಓದಿ ಎಡಿಟರ್‌ಗೆ ಸಲಹೆ ಕೊಡೋ ಪ್ರೋಗ್ರಾಂ, ಇದ್ರೆ ಕೆಲಸ ನಿಲ್ಲೋದಿಲ್ಲ, ನಾನು ಅದಕ್ಕೇ ಅಂಟ್ಕೊಂಡಿದ್ದು.

ಹಿಂದೆಲ್ಲ ಪ್ರತಿ ಎಡಿಟರ್‌ಗೂ ಪ್ರತಿ ಭಾಷೆಗೂ ಬೇರೆಬೇರೆ ಪ್ಲಗಿನ್ ಬರೀಬೇಕಿತ್ತು. 2016ರಲ್ಲಿ ಮೈಕ್ರೋಸಾಫ್ಟ್‌ನವರು ಎಡಿಟರ್ ಮತ್ತೆ ಸರ್ವರ್ ಮಾತಾಡ್ಕೊಳ್ಳೋ ನಿಯಮವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್, ಅಂದ್ರೆ ಎಲ್‌ಎಸ್‌ಪಿ, ಎಲ್ಲರಿಗೂ ತೆರೆದಿಟ್ಮೇಲೆ ಆ ಗೋಳು ತಪ್ಪಿತು. ಪೈಥಾನ್‌ಗೆ ಪೈರೈಟ್ ಅನ್ನೋ ಸರ್ವರ್, ಸಿ ಪ್ಲಸ್ ಪ್ಲಸ್‌ಗೆ ಕ್ಲಾಂಗ್‌ಡಿ, ಗೋ ಭಾಷೆಗೆ ಗೋಪಿಎಲ್‌ಎಸ್, ಯಾವ ಎಡಿಟರ್ ಆದ್ರೂ ಇವುಗಳ ಹತ್ರ ಒಂದೇ ರೀತಿ ಮಾತಾಡ್ತದೆ. ನಾನು ಬಳಸೋ ನಿಯೋವಿಮ್ ಎಡಿಟರಲ್ಲಿ ಇದು 2021ರ 0.5 ಆವೃತ್ತಿಯಿಂದಲೇ ಒಳಗೇ ಇದೆ, ಆದ್ರೆ ನಿಜವಾಗಿ ಸಲೀಸಾಗಿದ್ದು 2025ರಲ್ಲಿ ಬಂದ 0.11ರಿಂದ. ಉಬುಂಟು 24.04ರ ಎಪಿಟಿಯಲ್ಲಿ, ಅಂದ್ರೆ ಅದರ ಸಾಫ್ಟ್‌ವೇರ್ ಭಂಡಾರದಲ್ಲಿ, ಸಿಗೋದು ಹಳೇ 0.9, ಹಂಗಾಗಿ ನಾನು ಹೊಸ ರಿಲೀಸನ್ನೇ ಡೌನ್‌ಲೋಡ್ ಮಾಡ್ಕೊಂಡೆ. ಪೈರೈಟ್ ಓಡ್ಲಿಕ್ಕೆ ನೋಡ್‌ಜೆಎಸ್ ಬೇಕು. ಇವೆಲ್ಲ ನೆಟ್ ಇದ್ದಾಗ ಒಂದ್ಸಲ ಇಳಿಸಿಟ್ಕೊಂಡ್ರೆ ಮುಗೀತು.

ಸೆಟಪ್ ಚಿಕ್ಕದು. ನಿಯೋವಿಮ್ ಕಾನ್ಫಿಗ್ ಫೋಲ್ಡರ್ ಒಳಗೆ ಎಲ್‌ಎಸ್‌ಪಿ ಅಂತ ಒಂದು ಫೋಲ್ಡರ್, ಅದರಲ್ಲಿ ಪೈರೈಟ್ ಹೆಸರಿನ ಲುವಾ ಫೈಲ್, ಅದರಲ್ಲಿ ಮೂರು ಸಂಗತಿ: ಸರ್ವರ್ ಶುರು ಮಾಡೋ ಕಮಾಂಡ್, ಯಾವ ಫೈಲ್‌ಟೈಪ್‌ಗೆ, ಪ್ರಾಜೆಕ್ಟಿನ ಬೇರು ಎಲ್ಲಿದೆ ಅಂತ ಗುರುತು ಹಿಡೀಲಿಕ್ಕೆ ಯಾವ ಫೈಲ್ ಹುಡುಕ್ಬೇಕು ಅನ್ನೋದು. ಮೇನ್ ಫೈಲಲ್ಲಿ ಪೈರೈಟ್ ಎನೇಬಲ್ ಮಾಡೋ ಒಂದು ಸಾಲು, ಆಮೇಲೆ ಸರ್ವರ್ ಅಟ್ಯಾಚ್ ಆದಾಗ ಕಂಪ್ಲೀಷನ್ನಿನ ಆಟೋಟ್ರಿಗರ್ (ಲಿಸ್ಟ್ ತಾನೇ ತೆರೆಯೋದು) ಆನ್ ಮಾಡೋ ಒಂದು ಆಟೋಕಮಾಂಡ್. ಅಷ್ಟೇ, ಬೇರೆ ಪ್ಲಗಿನ್ ಒಂದೂ ಹಾಕಿಲ್ಲ. ಕಂಪ್ಲೀಟ್‌ಆಪ್ಟ್ ಅನ್ನೋ ಸೆಟ್ಟಿಂಗ್‌ಗೆ ಮೆನುಒನ್, ನೋಸೆಲೆಕ್ಟ್, ಪಾಪಪ್ ಮೂರನ್ನೂ ಕೊಡಿ. ನೋಸೆಲೆಕ್ಟ್ ಬಿಡ್ಲೇಬೇಡಿ, ಅದಿಲ್ಲದಿದ್ರೆ ಲಿಸ್ಟಿನ ಮೊದಲ್ನೇ ಹೆಸರು ತಾನೇ ಆಯ್ಕೆಯಾಗಿ ಸಾಲಿನೊಳಗೆ ಬಂದು ಕೂತಿರ್ತದೆ, ಟೈಪ್ ಮಾಡೋ ಓಘದಲ್ಲಿ ಅದನ್ನ ಅಳಿಸ್ತಾ ಕೂರೋದು ಬಹಳ ಕಿರಿಕಿರಿ.

ಡೀಫಾಲ್ಟಾಗಿ ಡಾಟ್ ಥರದ ಕೆಲವು ಅಕ್ಷರ ಒತ್ತಿದಾಗ ಮಾತ್ರ ಲಿಸ್ಟ್ ಬರ್ತದೆ, ಉಳಿದ ಕಡೆ ಬೇಕಾದ್ರೆ ಇನ್ಸರ್ಟ್ ಮೋಡಲ್ಲಿ ಕಂಟ್ರೋಲ್ ಎಕ್ಸ್, ಕಂಟ್ರೋಲ್ ಓ ಒತ್ಬೇಕು. ಒಂದೊಂದು ಅಕ್ಷರಕ್ಕೂ ಲಿಸ್ಟ್ ಬರೋ ಹಾಗೆ ಮಾಡ್ಬಹುದು, ಆದ್ರೆ ನಂಗೆ ಹೀಗೇ ಇಷ್ಟ. ಕೇಳಿದಾಗ ಮಾತ್ರ ಬಂದ್ರೆ ಕಣ್ಣು ಕೋಡ್ ಮೇಲೇ ಇರ್ತದೆ.

ಇನ್ನು ವರ್ಚುವಲ್ ಎನ್ವಿರಾನ್‌ಮೆಂಟ್, ಅಂದ್ರೆ ಒಂದೊಂದು ಪ್ರಾಜೆಕ್ಟಿನ ಪೈಥಾನ್ ಲೈಬ್ರರಿ ಬೇರೆಯಾಗಿ ಇಡೋ ಫೋಲ್ಡರ್, ಅದರ ವಿಚಾರ. ಅದನ್ನ ಆಕ್ಟಿವೇಟ್ ಮಾಡಿದ ಟರ್ಮಿನಲ್ಲಿಂದಲೇ ನಿಯೋವಿಮ್ ತೆರೀಬೇಕು, ಇಲ್ಲಾಂದ್ರೆ ನೀವು ಇನ್‌ಸ್ಟಾಲ್ ಮಾಡಿದ ಲೈಬ್ರರಿ ಪೈರೈಟ್‌ಗೆ ಕಾಣೋದೇ ಇಲ್ಲ. ಪ್ರತಿಸಲ ಅದು ಬೇಡ ಅನ್ನೋರು ಪೈರೈಟ್‌ಕಾನ್ಫಿಗ್ ಜೇಸನ್ ಫೈಲಲ್ಲಿ ಅದರ ಜಾಗ ಬರೆದಿಡಬಹುದು. ಲಿಸ್ಟ್ ಬರ್ತಾನೇ ಇಲ್ಲ ಅಂದ್ರೆ ಚೆಕ್‌ಹೆಲ್ತ್ ಓಡಿಸಿ, ಸರ್ವರ್ ಅಟ್ಯಾಚ್ ಆಗಿದ್ಯೋ ಇಲ್ವೋ ಅಲ್ಲೇ ಗೊತ್ತಾಗ್ತದೆ.

ಆದ್ರೆ ಎಲ್ಲಕ್ಕಿಂತ ದೊಡ್ಡ ವಿಷಯ ಎಡಿಟರಲ್ಲಿಲ್ಲ, ನಾವು ಬರೆಯೋ ಕೋಡಲ್ಲೇ ಇದೆ. ನಾನು ಅಡಿಕೆ ಮಾರಿದ ಲೆಕ್ಕ ಇಡೋ ಒಂದು ಸಣ್ಣ ಪ್ರೋಗ್ರಾಂ ಬರೀತಿದ್ದೆ, ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅನ್ನೋ ಅಡಿಕೆ ದರ್ಜೆ ಒಂದೊಂದರ ತೂಕ ಮತ್ತೆ ದರ. ಡೇಟಾ ಇದ್ದಿದ್ದು ಜೇಸನ್ ಫೈಲಲ್ಲಿ. ಜೇಸನ್ ಲೋಡ್ ಮಾಡಿದ್ರೆ ಪೈಥಾನಲ್ಲಿ ಅದರ ಟೈಪ್ 'ಎನಿ', ಅಂದ್ರೆ ಒಳಗೆ ಏನಿದೆ ಅಂತ ಸರ್ವರ್‌ಗೆ ಗೊತ್ತಿಲ್ಲ, ಅದರ ಮುಂದೆ ಡಾಟ್ ಒತ್ತಿದ್ರೆ ಲಿಸ್ಟಲ್ಲಿ ಕೆಲಸಕ್ಕೆ ಬರೋದು ಏನೂ ಇರೋದಿಲ್ಲ. ಅದೇ ಗ್ರೇಡ್, ವೇಟ್, ರೇಟ್ ಅಂತ ಮೂರು ಫೀಲ್ಡ್ ಇಟ್ಟು, ಪ್ರತಿಯೊಂದಕ್ಕೂ ಟೈಪ್ ಬರೆದು ಒಂದು ಡೇಟಾಕ್ಲಾಸ್ ಮಾಡ್ದೆ, ಜೇಸನ್ ಓದಿದ ತಕ್ಷಣ ಅದಕ್ಕೆ ತುಂಬ್ದೆ. ಈಗ ಎಂಟ್ರಿ ಅಂತ ಬರೆದು ಡಾಟ್ ಒತ್ತಿದ್ರೆ ಮೂರೂ ಎದುರಿಗೆ ಬಂದು ನಿಲ್ತವೆ, ರೇಟ್ ಅನ್ನೋದು ಫ್ಲೋಟ್ (ದಶಮಾಂಶ ಸಂಖ್ಯೆ) ಅಂತ್ಲೂ ತೋರಿಸ್ತದೆ. ಕಂಪ್ಲೀಷನ್ ಚೆನ್ನಾಗಿ ಬರ್ಬೇಕು ಅಂದ್ರೆ ಟೈಪ್ ಬರೀರಿ, ಬೇರೆ ದಾರಿ ಇಲ್ಲ.

ಕನ್ನಡ ಸ್ಟ್ರಿಂಗ್ ಇರೋ ಸಾಲುಗಳ ಬಗ್ಗೆ ನಂಗೆ ಮೊದಲಿಂದ ಕುತೂಹಲ ಇತ್ತು. ಕರ್ಸರ್ ಸಾಲಲ್ಲಿ ಎಷ್ಟನೇ ಜಾಗದಲ್ಲಿದೆ ಅಂತ ಎಡಿಟರ್ ಸರ್ವರ್‌ಗೆ ಹೇಳ್ಬೇಕು. ಅಕ್ಷರಗಳನ್ನ ಕಂಪ್ಯೂಟರಲ್ಲಿ ಇಡೋ ಎರಡು ಪದ್ಧತಿ ಯುಟಿಎಫ್-8, ಯುಟಿಎಫ್-16. 'ಕೆಂಪುಗೋಟು' ಅನ್ನೋ ಪದ ಯುಟಿಎಫ್-8ರಲ್ಲಿ 27 ಬೈಟ್, ಯುಟಿಎಫ್-16ರಲ್ಲಿ ಬರೀ 9 ಯೂನಿಟ್, ಯಾಕಂದ್ರೆ ಕನ್ನಡದ ಒಂದೊಂದು ಅಕ್ಷರ, ಗುಣಿತದ ಚಿಹ್ನೆ ಎಲ್ಲಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಎಲ್‌ಎಸ್‌ಪಿ ಮೊದಲಿಂದ ಯುಟಿಎಫ್-16ರ ಲೆಕ್ಕ ಹಿಡೀತದೆ, ಅದರ 3.17 ಆವೃತ್ತಿಯಿಂದ ಎರಡೂ ಕಡೆಯವು ಬೇರೆ ಲೆಕ್ಕಕ್ಕೂ ಒಪ್ಪಂದ ಮಾಡ್ಕೋಬಹುದು. ನಿಯೋವಿಮ್ ಒಳಗೆ ಎಣಿಸೋದು ಬೈಟಲ್ಲಿ, ಕಳಿಸುವಾಗ ಬದಲಾಯಿಸಿ ಕಳಿಸ್ತದೆ. ಹಂಗಾಗಿ ಸಾಲಲ್ಲಿ ಎಷ್ಟೇ ಕನ್ನಡ ಇದ್ರೂ ನಂಗೆ ಲಿಸ್ಟ್ ಸರಿಯಾದ ಜಾಗದಲ್ಲೇ ತೆರೀತದೆ.

ಕುಮಟಾದ ಗೆಳೆಯನೊಬ್ಬ ಸಿ ಪ್ಲಸ್ ಪ್ಲಸ್ ಬರೀತಾನೆ, ಅವನಿಗೂ ಇದೇ ಸೆಟಪ್ ಹಾಕಿಕೊಟ್ಟೆ, ಪೈರೈಟ್ ಬದಲು ಕ್ಲಾಂಗ್‌ಡಿ. ಅದಕ್ಕೆ ಕಂಪೈಲ್ ಕಮಾಂಡ್ಸ್ ಅನ್ನೋ ಜೇಸನ್ ಫೈಲ್ ಬೇಕು, ಇಲ್ಲಾಂದ್ರೆ ಹೆಡರ್ ಫೈಲ್‌ಗಳು ಎಲ್ಲಿವೆ ಅಂತ ಅದಕ್ಕೆ ತಿಳಿಯೋದಿಲ್ಲ. ಸೀಮೇಕ್ ಅನ್ನೋ ಬಿಲ್ಡ್ ಟೂಲ್ ಬಳಸೋರು ಒಂದು ಆಪ್ಷನ್ ಆನ್ ಮಾಡಿದ್ರೆ ಬಿಲ್ಡ್ ಫೋಲ್ಡರಲ್ಲಿ ಆ ಫೈಲ್ ತಾನೇ ತಯಾರಾಗ್ತದೆ, ಮೇಕ್‌ಫೈಲ್ ಬಳಸೋರಿಗೆ ಬೇರ್ ಅನ್ನೋ ಟೂಲ್ ಇದೆ.