ಬ್ಯಾಂಕಾಕಿನ ಸಂತೆಯಲ್ಲಿ ಕೊಸರು ಕೇಳಿದ್ದು

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ನಾನು ದುಡ್ಡಿನ ಮೇಲೆ ಜಾಸ್ತಿ ಜಗ್ಗಾಡುವವಳಲ್ಲ. ನೂರಕ್ಕೆ ಎಂಟು ಬಂಗಡೆ ಅಂದರೆ ನೂರು ನೂರೇ. ನನ್ನ ಜಗ್ಗಾಟ ಎಲ್ಲ ಆ ಎಂಟರ ಮೇಲೆ.

"ಹತ್ತು ಹಾಕು ಅಕ್ಕ."

"ಹತ್ತು ಹಾಕಿದ್ರೆ ನಾ ಮನೆಗೆ ಏನು ಒಯ್ಯಲಿ?"

"ಹೋಗ್ಲಿ, ಒಂಬತ್ತು."

ಒಂಬತ್ತು ಬಂಗಡೆ ಚೀಲಕ್ಕೆ ಬೀಳುತ್ತದೆ. ನಾನು ಚೀಲದ ಬಾಯಿ ಮುಚ್ಚದೆ ಹಾಗೇ ಹಿಡಿದು ನಿಂತಿರುತ್ತೇನೆ. ಅವಳು ಒಮ್ಮೆ ನನ್ನ ಮುಖ ನೋಡಿ, ಬುಟ್ಟಿಯ ಮೂಲೆಯಿಂದ ನಾಲ್ಕು ತಾರ್ಲೆ ಎತ್ತಿ ಮೇಲೆ ಹಾಕುತ್ತಾಳೆ. ಅದು ಕೊಸರು. ಇಪ್ಪತ್ತು ವರ್ಷದಿಂದ ಇದೇ ನಡೆದುಬಂದಿದೆ.

ಈ ವಿದ್ಯೆ ಬ್ಯಾಂಕಾಕಿನಲ್ಲೂ ಕೆಲಸಕ್ಕೆ ಬಂತು. ಆದರೆ ಮೊದಲ ದಿನವಲ್ಲ. ಮೊದಲ ದಿನ ನಾನು ಜಾಣೆಯಾಗಲು ಹೋಗಿ ಪೂರಾ ಕೆಟ್ಟೆ.

2023ರ ನವೆಂಬರ್‌ನಲ್ಲಿ ಥಾಯ್ಲೆಂಡಿನವರು ನಮ್ಮವರಿಗೆ ವೀಸಾ ಬೇಡ ಅಂದರು. ಅದನ್ನು ಮೊಬೈಲಿನಲ್ಲಿ ನೋಡಿದ ನಮ್ಮ ಅತ್ತಿಗೆಗೆ ಆವತ್ತಿನಿಂದ ನಿದ್ದೆ ಇಲ್ಲ. 2024ರ ಜನವರಿಯಲ್ಲಿ ಅತ್ತಿಗೆ, ಅವರ ಮಗಳು, ನಾನು ಮೂರೇ ಜನ ಹೊರಟೆವು. ಕಾರವಾರದಿಂದ ಪಂಚಗಂಗಾ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನ. ನಿಜ ಹೇಳಬೇಕೆಂದರೆ ವಿಮಾನದ ಹೊತ್ತಿಗಿಂತ ರೈಲಿನ ಹೊತ್ತೇ ಎಷ್ಟೋ ಜಾಸ್ತಿ.

ಹೊರಡುವ ಮೊದಲು ಒಂದು ಕೆಲಸ ಮಾಡಿದ್ದೆ. ಒಂದು ಗಟ್ಟಿ ದಾರ ತಗೊಂಡು ಮನೆಯವರ ಅಳತೆಯನ್ನೆಲ್ಲ ಅದರಲ್ಲಿ ಗಂಟು ಹಾಕಿಕೊಂಡೆ. ಒಂದು ಗಂಟು ಇವರ ಎದೆ ಸುತ್ತಳತೆ, ಎರಡು ಗಂಟು ಮಗಳ ಸೊಂಟ, ಮೂರು ಗಂಟು ಅಮ್ಮನ ತೋಳು. ಸಂತೆಯಲ್ಲಿ ಹಾಕಿ ನೋಡಲು ಜಾಗ ಇರುವುದಿಲ್ಲ. ಎಷ್ಟೋ ಅಂಗಡಿಗಳಲ್ಲಿ ಬಿಡುವುದೂ ಇಲ್ಲ. ಅಲ್ಲಿಯ ಸೈಜಿನ ಚೀಟಿ ನಂಬಿದರೆ ಮುಗಿಯಿತು, ಅವರ ಎಲ್ ನಮ್ಮ ಎಂ ಆದರೂ ಆಯಿತು. ದಾರ ಸುಳ್ಳು ಹೇಳುವುದಿಲ್ಲ. ಅತ್ತಿಗೆಯ ಮಗಳು ಮೊದಲು ನಕ್ಕಳು. "ಅತ್ತೆ, ಇದೇನು ಮಂತ್ರಿಸಿದ ದಾರವಾ?" ಅಂದಳು. ಎರಡನೇ ದಿನ ಅವಳೇ ಕೇಳಿ ಇಸ್ಕೊಂಡಳು.

ಚಾತುಚಾಕ್ ಸಂತೆ ಶನಿವಾರ, ಭಾನುವಾರ ತುಂಬಿ ಇರುತ್ತದೆ. ಕಾಂಫೆಂಗ್ ಫೆಟ್ ಮೆಟ್ರೋ ಸ್ಟೇಷನ್ನಿನ 2ನೇ ಬಾಗಿಲಿಂದ ಮೇಲೆ ಬಂದರೆ ನೇರ ಸಂತೆಯೊಳಗೇ ಕಾಲು. ಮೊದಲು ಈ ಸಂತೆ ಅರಮನೆ ಹತ್ತಿರದ ಸನಾಮ್ ಲುವಾಂಗ್ ಮೈದಾನದಲ್ಲಿ ಇತ್ತಂತೆ. 1982ರಲ್ಲಿ ಇಲ್ಲಿಗೆ ಬಂತು. ಹದಿನೈದು ಸಾವಿರಕ್ಕೂ ಮೇಲೆ ಅಂಗಡಿ, 27 ವಿಭಾಗ. ನಮ್ಮ ಭಾನುವಾರದ ಸಂತೆಯಲ್ಲಿ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿರುವ ಅತ್ತಿಗೆಗೆ ಕೇಳುತ್ತದೆ. ಇಲ್ಲಿ ಹಾಗಲ್ಲ. ನಡುವೆ ಒಂದು ಗಡಿಯಾರದ ಗೋಪುರ ಇದೆ. ತಪ್ಪಿಸಿಕೊಂಡವರು ಅಲ್ಲಿಗೆ ಬರಬೇಕು ಅಂತ ಮೊದಲೇ ಮಾತಾಡಿಕೊಂಡೆವು. ಎರಡು ದಿನದಲ್ಲಿ ಮೂರು ಸಲ ಅಲ್ಲಿ ಸೇರಿದೆವು.

ಶನಿವಾರದ ಕಥೆ. ಆನೆ ಚಿತ್ರದ ಸಡಿಲ ಪ್ಯಾಂಟು ಅಲ್ಲಿ ಎಲ್ಲ ಕಡೆ ನೇತಾಡುತ್ತಿರುತ್ತದೆ. ಒಂದಕ್ಕೆ 180 ಬಾತ್ ಅಂತ ಅಂಗಡಿಯವಳು ಕ್ಯಾಲ್ಕುಲೇಟರ್ ಒತ್ತಿ ತೋರಿಸಿದಳು. ಬಾತ್ ಅಂದರೆ ನಮಗೆ ವಾಂಗೀಬಾತ್, ಅಲ್ವಾ? ಅಲ್ಲಿ ಅದು ದುಡ್ಡು. ಆಗ ಒಂದಕ್ಕೆ ನಮ್ಮ ಎರಡೂಕಾಲು ರೂಪಾಯಿಗಿಂತ ಸ್ವಲ್ಪ ಮೇಲಿತ್ತು. ಹೊರದೇಶದಲ್ಲಿ ಹೇಳಿದ್ದರ ಅರ್ಧಕ್ಕಿಂತ ಕೆಳಗೆ ಕೇಳಬೇಕು ಅಂತ ಯಾರೋ ತಲೆಗೆ ತುಂಬಿದ್ದರು. ನಾನು ಕ್ಯಾಲ್ಕುಲೇಟರ್ ತಗೊಂಡು 80 ಒತ್ತಿದೆ. ಅವಳು ನಕ್ಕು ತಲೆ ಆಡಿಸಿದಳು. ನಾನು ಸ್ವಲ್ಪ ದನಿ ಏರಿಸಿದೆ. ನಮ್ಮಲ್ಲಿ ದನಿ ಏರಿಸುವುದು ಸಲಿಗೆ. ಅಲ್ಲಿ ಅವಳ ನಗು ಹಾಗೇ ಇತ್ತು, ಆದರೆ ಕಣ್ಣು ಬೇರೆ ಗಿರಾಕಿಯ ಕಡೆ ಹೋಯಿತು.

ಆಮೇಲೆ ನಮ್ಮ ಬ್ರಹ್ಮಾಸ್ತ್ರ. ಬೇಡ ಅಂತ ಹೊರಟೇಬಿಟ್ಟೆ. ನಮ್ಮ ಮಾರ್ಕೆಟ್ಟಿನಲ್ಲಿ ಮೂರು ಹೆಜ್ಜೆ ಇಡುವುದರೊಳಗೆ "ಏ ಬಾಯಿ, ಬಾ ಇಲ್ಲಿ" ಅಂತ ಕರೆ ಬರಬೇಕು. ಮೂರು ಹೆಜ್ಜೆ ಆಯಿತು. ಹತ್ತಾಯಿತು. ಓಣಿಯ ಕೊನೆ ಬಂತು. ಯಾರೂ ಕರೆಯಲಿಲ್ಲ. ಮರ್ಯಾದೆ ಬಿಟ್ಟು ವಾಪಸ್ ಹೋಗೋಣ ಅಂದರೆ ಅಂಗಡಿಯೇ ಸಿಗಲಿಲ್ಲ! ಎಲ್ಲ ಓಣಿಯೂ ಒಂದೇ ತರ, ಎಲ್ಲ ಕಡೆ ಅದೇ ಆನೆ. ಅವತ್ತಿನಿಂದ ಮನಸ್ಸಿಗೆ ಬಂದ ಅಂಗಡಿಯ ಬೋರ್ಡಿನ ಮೇಲಿರುವ ವಿಭಾಗ, ಓಣಿಯ ನಂಬರನ್ನು ಫೋಟೋ ತೆಗೆದಿಟ್ಟುಕೊಳ್ಳತೊಡಗಿದೆ.

ಕೊನೆಗೆ ಇನ್ನೊಂದು ಕಡೆ 170 ಕೊಟ್ಟು ಒಂದು ತಗೊಂಡೆ. ಎರಡು ಓಣಿ ದಾಟಿದರೆ ಅದೇ ಪ್ಯಾಂಟು 120. ಹೊಟ್ಟೆ ಉರಿಯಿತು. ಉರಿ ಅಲ್ಲಿಗೇ ಮುಗಿಯಲಿಲ್ಲ. ಮನೆಗೆ ಬಂದು ಒಗೆದರೆ ಬಕೆಟ್ ಪೂರ್ತಿ ನೀಲಿ. ಹಾಕಿಕೊಂಡು ಅಂಗಳದ ಕಟ್ಟೆಯ ಮೇಲೆ ಕೂತರೆ ಹಿಂದಿನ ಹೊಲಿಗೆ ಪರ್ ಅಂತ ಬಿಚ್ಚಿತು. ತಪ್ಪು ನನ್ನದೇ. ಮೀನಿನ ಕಿವಿರು ಎತ್ತಿ ನೋಡದೆ ಎಂದೂ ತಗೊಂಡವಳಲ್ಲ ನಾನು. ಬಟ್ಟೆಯ ಒಳಮೈ ತಿರುಗಿಸಿ, ಹೊಲಿಗೆಯ ಎರಡು ಬದಿ ಹಿಡಿದು ಎಳೆದು ನೋಡುವುದನ್ನು ಅಲ್ಲಿ ಮರೆತಿದ್ದೆ.

ಆ ಶನಿವಾರ ರಾತ್ರಿ ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗಿಯ ಹತ್ತಿರ ಗೋಳು ತೋಡಿಕೊಂಡೆ. ಅರ್ಧ ಅವಳ ಹರಕು ಇಂಗ್ಲಿಷು, ಅರ್ಧ ನನ್ನದು. ಕೊಸರು ಅನ್ನುವುದನ್ನು ಹೇಗೆ ಹೇಳುವುದು? ಮೇಜಿನ ಮೇಲಿದ್ದ ಚಾಕಲೇಟಿನಲ್ಲಿ ಮೂರು ಎಣಿಸಿ ದುಡ್ಡು ಇಟ್ಟೆ. ಮತ್ತೆ ಒಂದು ಎತ್ತಿ ಸುಮ್ನೆ ಮೇಲೆ ಹಾಕಿದೆ. ಅವಳಿಗೆ ಥಟ್ಟನೆ ಹೊಳೆಯಿತು. "ಥ್ಯಾಮ್!" ಅಂದಳು. ಅವರಲ್ಲೂ ಅದಕ್ಕೆ ಒಂದು ಪದ ಇದೆ! ನನಗಾದ ಖುಷಿ ಅಷ್ಟಿಷ್ಟಲ್ಲ. ಹೇಗೆ ಕೇಳಬೇಕು ಅಂತಲೂ ಹೇಳಿಕೊಟ್ಟಳು. "ಥ್ಯಾಮ್ ದಾಯ್ ಮಾಯ್ ಖಾ." ಕೊಸರು ಹಾಕ್ತೀರಾ ಅಂತ. ಕೊನೆಯ 'ಖಾ' ಮರ್ಯಾದೆಗೆ, ಅದು ಹೆಂಗಸರ ಮಾತಿನಲ್ಲಿ. ಗಂಡಸರಾದರೆ 'ಖ್ರಾಪ್'. 'ತಾವ್ ರಾಯ್' ಅಂದರೆ ಎಷ್ಟು. ಕಡಿಮೆ ಮಾಡ್ತೀರಾ ಅನ್ನುವುದಕ್ಕೆ 'ಲೊಟ್ ದಾಯ್ ಮಾಯ್'. ಐದಕ್ಕೆ ಅವರು 'ಹಾ' ಅನ್ನುತ್ತಾರೆ. ಅದಕ್ಕೇ ಅಲ್ಲಿಯವರು ಮೊಬೈಲಿನಲ್ಲಿ ನಗಬೇಕಾದರೆ 555 ಅಂತ ಬರೆಯುತ್ತಾರಂತೆ.

ಅವಳು ಹೇಳಿದ ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಅಲ್ಲಿ ಎಷ್ಟೋ ಬಟ್ಟೆ ಅಂಗಡಿಗಳಲ್ಲಿ ಒಂದು ತಗೊಂಡರೆ ಒಂದು ದರ, ಮೂರು ತಗೊಂಡರೆ ಸಗಟು ದರ. ಬೇರೆ ಬೇರೆ ಬಣ್ಣದ್ದಾದರೂ ನಡೆಯುತ್ತದೆ. ನಾವು ಮೂವರು ಇಡೀ ಶನಿವಾರ ಬೇರೆ ಬೇರೆ ಅಂಗಡಿಯಲ್ಲಿ ಒಂದೊಂದೇ ತಗೊಂಡಿದ್ದೆವು. ಒಬ್ಬೊಬ್ಬರೂ ಚಿಲ್ಲರೆ ದರ ಕೊಟ್ಟೇ ಕೊಟ್ಟೆವು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಹೋದೆವು. ಬಾಗಿಲು ತೆಗೆಯುತ್ತಿದ್ದರು. ಊರಿಗೆ ಕೊಡಲು ಜಿಪ್ಪಿನ ಚಿಕ್ಕ ಬಟ್ಟೆ ಪರ್ಸು ಬೇಕಿತ್ತು. ಒಬ್ಬ ವಯಸ್ಸಾದ ಹೆಂಗಸು ಇನ್ನೂ ಮಾಲು ಜೋಡಿಸುತ್ತಿದ್ದರು. ಒಂದಕ್ಕೆ 35 ಬಾತ್. ನಾನು ಮಾತಾಡದೆ ಒಂದೊಂದೇ ಆರಿಸಿ ಪಕ್ಕಕ್ಕೆ ಇಟ್ಟೆ. ಎಲ್ಲದರ ಜಿಪ್ ಎಳೆದು ನೋಡಿದೆ, ಎರಡು ಹಿಡಿಯುತ್ತಿತ್ತು, ವಾಪಸ್ ಇಟ್ಟೆ. ಹನ್ನೆರಡು ಆದ ಮೇಲೆ 'ತಾವ್ ರಾಯ್ ಖಾ' ಅಂದೆ. ಅವರು ಒಮ್ಮೆ ಗುಡ್ಡೆ ನೋಡಿದರು, ಒಮ್ಮೆ ನನ್ನನ್ನು. ಕ್ಯಾಲ್ಕುಲೇಟರಿನಲ್ಲಿ 300 ಒತ್ತಿದರು. ನಾನು ಕಡಿಮೆ ಕೇಳಲಿಲ್ಲ. ಮೂರು ಕೆಂಪು ನೋಟು ಎಣಿಸಿ ಕೈಯಲ್ಲಿ ಹಿಡಿದು, ಚೀಲದ ಬಾಯಿ ತೆರೆದೇ ಇಟ್ಟು, "ಥ್ಯಾಮ್ ದಾಯ್ ಮಾಯ್ ಖಾ" ಅಂದೆ.

ಆ ಅಮ್ಮ ಒಂದು ಕ್ಷಣ ಬಿಟ್ಟ ಕಣ್ಣು ಬಿಟ್ಟೇ ನೋಡಿದರು. ಆಮೇಲೆ ಜೋರಾಗಿ ನಕ್ಕು ಪಕ್ಕದ ಅಂಗಡಿಯವರಿಗೆ ಏನೋ ಕೂಗಿ ಹೇಳಿದರು. ಅವರೂ ನಕ್ಕರು. ಎರಡು ಪರ್ಸು ಎತ್ತಿ ಚೀಲಕ್ಕೆ ಹಾಕಿದರು. ಹದಿನಾಲ್ಕಾಯಿತು. ಲೆಕ್ಕ ಹಾಕಿದರೆ ಒಂದಕ್ಕೆ ನಮ್ಮ ಐವತ್ತು ರೂಪಾಯಿ. ಆಮೇಲೆ ನಾನು ಕೊಟ್ಟ ನೋಟು ಹಿಡಿದುಕೊಂಡು, ಜೋಡಿಸಿಟ್ಟ ಮಾಲಿನ ಮೇಲೆಲ್ಲ ಪಟಪಟ ತಟ್ಟಿದರು. ಬೋಣಿ! ನಮ್ಮಲ್ಲಿ ಬೋಣಿಯ ದುಡ್ಡು ಕಣ್ಣಿಗೊತ್ತಿಕೊಳ್ಳುತ್ತಾರೆ, ಅವರು ಮಾಲಿಗೆ ಮುಟ್ಟಿಸುತ್ತಾರೆ. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಯಾವ ಊರಿನವರಿಗೂ ಮನಸ್ಸಾಗುವುದಿಲ್ಲ ಅಂತ ಕಾಣುತ್ತದೆ. ಆದರೆ ಬೋಣಿ ಹೊತ್ತಿನಲ್ಲಿ ಸುಮ್ನೆ ದರ ಕೇಳಿ ಎದ್ದು ಹೋಗಬಾರದು. ಅದು ಕಾರವಾರದಲ್ಲೂ ಪಾಪವೇ.

ಅದಾದ ಮೇಲೆ ಮೂವರೂ ಒಟ್ಟಿಗೇ ತಿರುಗಿದೆವು. ಅಂಗಿ, ಪ್ಯಾಂಟು, ಸ್ಕಾರ್ಫು ಎಲ್ಲ ಒಂದೇ ಅಂಗಡಿಯಲ್ಲಿ ಗುಡ್ಡೆ ಹಾಕಿ ಒಂದೇ ಲೆಕ್ಕ. ಎಲ್ಲ ಕಡೆ ಕೊಸರು ಸಿಗಲಿಲ್ಲ. ಒಬ್ಬ ಹುಡುಗ ಕೀಚೈನ್ ಕೊಟ್ಟ, ಇನ್ನೊಬ್ಬಳು ಬರೀ ನಗು ಕೊಟ್ಟಳು. ದರದ ಚೀಟಿ ಅಂಟಿಸಿದಲ್ಲಿ ನಾವು ಕೇಳಲೂ ಇಲ್ಲ. ತಿಂಡಿಯ ಗಾಡಿಯ ಹತ್ತಿರ ಚೌಕಾಸಿ ಮಾಡುವುದು ಚೆನ್ನಾಗಿರುವುದಿಲ್ಲ. ತೆಂಗಿನ ಚಿಪ್ಪಿನಲ್ಲಿ ಹಾಕಿಕೊಡುವ ಐಸ್‌ಕ್ರೀಮಿಗೆ ಹೇಳಿದಷ್ಟು ಕೊಟ್ಟೆವು. ಹಿತ್ತಿಲಲ್ಲಿ ತೆಂಗಿನಮರ ಇರುವ ನಮ್ಮಂಥವರಿಗೆ ಅದಕ್ಕೆ ದುಡ್ಡು ಕೊಡುವುದು ಸಂಕಟವೇ, ಬಿಡಿ.

ನೋಟಿನ ವಿಷಯ ಒಂದು. ನೂರರ ಕೆಂಪು, ಇಪ್ಪತ್ತರ ಹಸಿರು ಕೈಗೆ ಸಿಗುವಂತೆ, ಸಾವಿರದ್ದು ಒಳಗೆ. ಸಾವಿರದ ನೋಟು ಬೀಸುತ್ತ ಹತ್ತು ಬಾತ್ ಬಿಡಿ ಅಂದರೆ ಯಾರು ಬಿಡುತ್ತಾರೆ? ಮತ್ತೆ, ಅತ್ತಿಗೆ ಒಂದು ಬುದ್ಧನ ಮೂರ್ತಿಗೆ ಆಸೆಪಟ್ಟಿದ್ದರು. ಅದನ್ನು ದೇಶದಿಂದ ಹೊರಗೆ ಒಯ್ಯಲು ಅವರ ಕಲಾ ಇಲಾಖೆಯ ಪರವಾನಗಿ ಬೇಕು. ಹಾಗಾಗಿ ಬಿಟ್ಟೆವು.

ಊರಿಗೆ ಬಂದ ಮರುವಾರ ಒಂದು ಪರ್ಸು ಹಿಡಿದು ಮೀನು ಮಾರ್ಕೆಟ್ಟಿಗೆ ಹೋದೆ. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ತಗೊಂಡಳು. ಜಿಪ್ ಎರಡು ಸಲ ಎಳೆದಳು. ಒಳಗೆ ಕೈ ಹಾಕಿ ಹೊಲಿಗೆ ನೋಡಿದಳು.

"ಎಷ್ಟಕ್ಕೆ ಬಂತು?"

"ಕೊಸರಿಗೆ ಬಂದದ್ದು ಅಕ್ಕ."

ಅವಳು ನಂಬಲಿಲ್ಲ. ಪರ್ಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂಗಡೆ ಎಣಿಸಿದಳು. ಆರು.

"ಏನಕ್ಕ, ನೂರಕ್ಕೆ ಆರೇ?"

"ವಿಮಾನದಲ್ಲಿ ಹೋಗಿ ಬಂದವಳು ನೀನು. ಎಂಟು ಕೇಳ್ತೀಯಾ?"

ನಾನು ಚೀಲದ ಬಾಯಿ ಮುಚ್ಚದೆ ಹಾಗೇ ಹಿಡಿದು ನಿಂತೆ.