ನಿಮ್ಮ ಕೈಯಲ್ಲೇ ರಕ್ತದ ದಾರಿಯನ್ನು ಗುರುತಿಸುವುದು ಹೇಗೆ?

ಹೃದಯವನ್ನು ಕಣ್ಣಾರೆ ಕಾಣಲು ಆಗದಿದ್ದರೂ ಅದರ ಕೆಲಸವನ್ನು ಬೆರಳ ತುದಿಯಲ್ಲಿ ಅರಿಯಬಹುದು. ರಕ್ತವು ಎದೆಯಿಂದ ಹೊರಟು ಕೈಗೆ ಬರುವುದು, ಅಲ್ಲಿನ ಜೀವಕೋಶಗಳನ್ನು ತಲುಪುವುದು, ಮತ್ತೆ ಎದೆಗೆ ಮರಳುವುದು, ಈ ಮೂರನ್ನೂ ನಮ್ಮದೇ ಕೈಯಲ್ಲಿ ಪರೀಕ್ಷಿಸಿ ನೋಡಲು ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರವಿದ್ದರೆ ಸಾಕು.

ಮೊದಲು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಮೆಟ್ಟಿಲು ಹತ್ತಿ ಬಂದ ಕೂಡಲೇ ಎಣಿಸಿದರೆ ಲೆಕ್ಕ ಹೆಚ್ಚು ಬರುತ್ತದೆ. ಅಂಗೈಯನ್ನು ಮೇಲೆ ಮಾಡಿ, ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳನ್ನು ಹೆಬ್ಬೆರಳಿನ ನೇರಕ್ಕೆ ಮಣಿಕಟ್ಟಿನ ಮೇಲೆ ಹಗುರವಾಗಿ ಇಡಿ. ಹೆಬ್ಬೆರಳಿನಿಂದ ನಾಡಿ ನೋಡಬಾರದು, ಅದರೊಳಗೇ ಬಲವಾದ ಮಿಡಿತವಿರುವುದರಿಂದ ಎಣಿಕೆ ತಪ್ಪಬಹುದು. ಬಹಳ ಒತ್ತಿದರೆ ನಾಡಿ ಅಡಗಿಹೋಗುತ್ತದೆ. ಮಿಡಿತ ಸಿಕ್ಕಿದ ಮೇಲೆ ಪೂರ್ತಿ ಒಂದು ನಿಮಿಷ ಎಣಿಸಿ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಇದು ಸಾಮಾನ್ಯವಾಗಿ 60ರಿಂದ 100ರ ಒಳಗಿರುತ್ತದೆ. ಚೆನ್ನಾಗಿ ಪಳಗಿದ ಓಟಗಾರರಲ್ಲಿ ಇನ್ನೂ ಕಡಿಮೆ ಇರುವುದುಂಟು. ಉಸಿರು ಎಳೆದುಕೊಂಡಾಗ ನಾಡಿ ತುಸು ಚುರುಕಾಗಿ, ಬಿಟ್ಟಾಗ ನಿಧಾನವಾದರೆ, ವಿಶೇಷವಾಗಿ ಚಿಕ್ಕ ವಯಸ್ಸಿನವರಲ್ಲಿ, ಅದು ಸಹಜ. ಆದರೆ ಯಾವ ಲಯಕ್ಕೂ ಸಿಗದಂತೆ ಮಿಡಿತ ಮತ್ತೆ ಮತ್ತೆ ತಪ್ಪುತ್ತಿದ್ದರೆ, ಅಥವಾ ಜೊತೆಗೆ ತಲೆಸುತ್ತು, ಎದೆನೋವು, ಏದುಸಿರು ಇದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಬೆರಳಿಗೆ ತಟ್ಟಿದ್ದು ಏನು ಎಂಬುದನ್ನು ಇಲ್ಲಿ ತುಸು ನಿಂತು ಯೋಚಿಸಬೇಕು. ಹೃದಯದ ಎಡ ಹೃತ್ಕುಕ್ಷಿ, ಅಂದರೆ ಎಡಭಾಗದ ಕೆಳಕೋಣೆ, ಒಮ್ಮೆ ಹಿಂಡಿಕೊಂಡಾಗ ಸುಮಾರು 70 ಮಿಲಿಲೀಟರ್ ರಕ್ತ ಮಹಾಪಧಮನಿ ಎಂಬ ದೊಡ್ಡ ರಕ್ತನಾಳಕ್ಕೆ ನುಗ್ಗುತ್ತದೆ. ಅದರ ಗೋಡೆ ರಬ್ಬರಿನಂತೆ ಹಿಗ್ಗಿ ಕುಗ್ಗುವಂಥದ್ದು. ಆ ಹಿಗ್ಗು ಅಲೆಯಾಗಿ, ಹೃದಯದಿಂದ ರಕ್ತ ಒಯ್ಯುವ ಅಪಧಮನಿಗಳ ಉದ್ದಕ್ಕೂ ಸೆಕೆಂಡಿಗೆ ಹಲವು ಮೀಟರ್ ವೇಗದಲ್ಲಿ ಓಡುತ್ತದೆ. ರಕ್ತ ಹರಿಯುವುದು ಅದಕ್ಕಿಂತ ಬಹಳ ನಿಧಾನವಾಗಿ. ಎಂದರೆ, ನಿಮಗೆ ಈಗ ತಟ್ಟಿದ್ದು ಆ ಅಲೆ. ಆ ಬಡಿತದಲ್ಲಿ ಹೃದಯದಿಂದ ಹೊರಬಿದ್ದ ರಕ್ತ ಇನ್ನೂ ಮಣಿಕಟ್ಟಿನವರೆಗೆ ಬಂದೇ ಇಲ್ಲ. ವಯಸ್ಸಾದಂತೆ ಅಪಧಮನಿಗಳು ಗಡುಸಾದಾಗ ಈ ಅಲೆ ಇನ್ನಷ್ಟು ಬೇಗ ಓಡುತ್ತದೆ, ಹೃದಯವೂ ಹೆಚ್ಚು ಶ್ರಮಪಡಬೇಕಾಗುತ್ತದೆ.

ನೀವು ಎಣಿಸಿದ ಸಂಖ್ಯೆಯನ್ನು 70ರಿಂದ ಗುಣಿಸಿ. ನಿಮಿಷಕ್ಕೆ ಸುಮಾರು ಐದು ಲೀಟರ್ ಎಂಬ ಉತ್ತರ ಹೆಚ್ಚಿನವರಿಗೆ ಬರುತ್ತದೆ, ವಯಸ್ಕರ ಮೈಯಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಅಷ್ಟೇ ಪ್ರಮಾಣದ ರಕ್ತವನ್ನು ಅದೇ ಹೊತ್ತಿನಲ್ಲಿ ಬಲ ಹೃತ್ಕುಕ್ಷಿಯು ಶ್ವಾಸಕೋಶಗಳಿಗೆ ಕಳಿಸುತ್ತಿರುತ್ತದೆ. ಶ್ವಾಸಕೋಶ ಹತ್ತಿರದಲ್ಲೇ ಇರುವುದರಿಂದಲೂ ಅಲ್ಲಿನ ನಾಳಗಳು ಹೆಚ್ಚು ತಡೆ ಒಡ್ಡದಿರುವುದರಿಂದಲೂ ಬಲಗೋಡೆ ತೆಳ್ಳಗಿದ್ದರೆ ಸಾಕು. ಇಡೀ ದೇಹಕ್ಕೆ ರಕ್ತ ತಳ್ಳುವ ಎಡಗೋಡೆ ಅದರ ಮೂರರಷ್ಟು ದಪ್ಪ.

ಇನ್ನು ಮರಳುವ ದಾರಿ. ಕೈಯನ್ನು ಒಂದು ನಿಮಿಷ ಕೆಳಕ್ಕೆ ಇಳಿಬಿಡಿ, ಮುಂಗೈ ಮೇಲೆ ನೀಲಿ ಗೆರೆಗಳು ಉಬ್ಬುತ್ತವೆ. ಇವನ್ನು ನಾವು ಮಾತಿನಲ್ಲಿ ‘ನರ’ ಎನ್ನುತ್ತೇವೆ, ಆದರೆ ಇವು ನರಗಳಲ್ಲ, ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳು. ಕವಲಿಲ್ಲದ, ನೇರವಾದ ಒಂದನ್ನು ಆರಿಸಿಕೊಂಡು, ಅದರ ಬೆರಳ ಕಡೆಯ ತುದಿಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈಯ ಕಡೆಗೆ ಸವರಿ, ಆ ಬೆರಳನ್ನು ಎತ್ತಿಬಿಡಿ. ದಾರಿಯಲ್ಲಿ ರಕ್ತವನ್ನು ಒಂದೇ ಕಡೆಗೆ ಬಿಡುವ ಕವಾಟವೊಂದು ಸಿಕ್ಕಿದ್ದರೆ ಮೇಲಿನ ರಕ್ತ ಅಲ್ಲಿಯವರೆಗೆ ಬಂದು ನಿಂತುಬಿಡುತ್ತದೆ, ಕೆಳಗಿನ ಭಾಗ ಚಪ್ಪಟೆಯಾಗಿಯೇ ಉಳಿಯುತ್ತದೆ. ಒತ್ತಿ ಹಿಡಿದ ಮೊದಲ ಬೆರಳನ್ನು ಎತ್ತಿದ ಕ್ಷಣವೇ ಅದು ಕೆಳಗಿನಿಂದ ತುಂಬಿಕೊಳ್ಳುತ್ತದೆ. ಮೊದಲ ಸಲಕ್ಕೆ ಆಗದಿದ್ದರೆ ಬೇರೊಂದು ಅಭಿಧಮನಿಯಲ್ಲಿ ಪ್ರಯತ್ನಿಸಿ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಚಿತ್ರ ಸಮೇತ ತೋರಿಸಿದ್ದು ಇದನ್ನೇ: ಅಭಿಧಮನಿಗಳಲ್ಲಿ ರಕ್ತ ಹೃದಯದ ಕಡೆಗೆ ಮಾತ್ರ ಹೋಗುತ್ತದೆ, ಆದ್ದರಿಂದ ಅದು ಸುತ್ತಿ ಸುತ್ತಿ ಬರುತ್ತಿರಲೇಬೇಕು. ಇಷ್ಟು ಸರಳ ಪರೀಕ್ಷೆಯೊಂದು ಸಾವಿರಕ್ಕೂ ಹೆಚ್ಚು ವರ್ಷಗಳ ನಂಬಿಕೆಯನ್ನು ಅಲುಗಾಡಿಸಿತು ಎಂಬುದು ನನಗೆ ಈಗಲೂ ಬೆರಗಿನ ಸಂಗತಿ.

ಹೋಗುವ ದಾರಿಗೂ ಬರುವ ದಾರಿಗೂ ಇರುವ ಕೊಂಡಿಯನ್ನು ನೋಡಲು ಉಗುರೊಂದನ್ನು ಐದು ಸೆಕೆಂಡು ಗಟ್ಟಿಯಾಗಿ ಒತ್ತಿ ಬಿಡಿ. ಬಿಳಿಚಿದ ಉಗುರಿನ ಕೆಳಗೆ ಸಾಮಾನ್ಯವಾಗಿ ಎರಡು ಸೆಕೆಂಡಿನೊಳಗೆ ಕೆಂಪು ಮರಳುತ್ತದೆ. ಕೈ ತಣ್ಣಗಿದ್ದರೆ ತಡವಾಗಬಹುದು, ಬೆಚ್ಚಗೆ ಮಾಡಿಕೊಂಡು ಮತ್ತೊಮ್ಮೆ ನೋಡಿ. ಹೀಗೆ ತುಂಬಿಕೊಳ್ಳುವುದು ಲೋಮನಾಳಗಳು. ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ, ಮೈ ಬಾಗಿಸಿಕೊಂಡು ನುಸುಳಬೇಕಾದಷ್ಟು ಸಪೂರವಾದ ಈ ನಾಳಗಳಲ್ಲೇ ಆಮ್ಲಜನಕ ಜೀವಕೋಶಗಳಿಗೆ ದಾಟುತ್ತದೆ. ಇಂಥ ನಾಳಗಳು ಇರಲೇಬೇಕೆಂದು ಹಾರ್ವೆಯ ಲೆಕ್ಕಾಚಾರ ಹೇಳುತ್ತಿತ್ತು, ಆದರೆ ಅವರು ಅವನ್ನು ಕಾಣಲಿಲ್ಲ. ಇಟಲಿಯ ವೈದ್ಯ ಮಾರ್ಚೆಲ್ಲೊ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅವನ್ನು ವರ್ಣಿಸಿದ್ದು 1661ರಲ್ಲಿ. ಅಷ್ಟರೊಳಗೆ ಹಾರ್ವೆ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು.