ಜವಾರಿ ಕೋಳಿಮರಿಯಲ್ಲಿ ಹುಂಜ ಯಾವುದು, ಹೇಂಟೆ ಯಾವುದು?

ಹೋದ ವರ್ಷ ಮುಧೋಳ ಕಡೆಯ ಒಂದು ಸಂತೆಯಲ್ಲಿ ಹತ್ತು ಜವಾರಿ ಮರಿ ತಂದೆ. ಮಾರುವವನು "ಎಲ್ಲಾ ಹ್ಯಾಟಿನ ಅದಾವ್ರಿ, ನೋಡಿ ಆರಿಸೇನಿ" ಅಂತ, ಅಂದರೆ ಎಲ್ಲಾ ಹೇಂಟೆಯೇ ಅಂತ ಹೇಳಿ ಮರಿಗೆ ಹತ್ತು ರೂಪಾಯಿ ಜಾಸ್ತಿ ತಗೊಂಡ. ನಾಲ್ಕು ತಿಂಗಳಾಗುವಷ್ಟರಲ್ಲಿ ನಸುಕಿನಲ್ಲಿ ಏಳು ಹುಂಜ ಪೈಪೋಟಿಗೆ ಬಿದ್ದು ಕೂಗತೊಡಗಿದವು. ಅವ್ವ ಇವತ್ತಿಗೂ ಅದನ್ನೇ ಎತ್ತಿ ಆಡುತ್ತಾಳೆ.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಒಂದು ದಿನದ ಜವಾರಿ ಮರಿಯನ್ನು ಸುಮ್ನೆ ಮೇಲಿಂದ ನೋಡಿ ಹುಂಜವೋ ಹೇಂಟೆಯೋ ಅಂತ ಹೇಳೋಕೆ ಆಗಲ್ಲ. ಚೂಪು ತತ್ತಿಯಲ್ಲಿ ಹುಂಜ, ದುಂಡು ತತ್ತಿಯಲ್ಲಿ ಹೇಂಟೆ ಅನ್ನುವುದು, ಸೂಜಿಗೆ ದಾರ ಕಟ್ಟಿ ತೂಗುವುದು, ಕಾಲು ಹಿಡಿದು ತಲೆಕೆಳಗೆ ಮಾಡಿ ನೋಡುವುದು, ಇವ್ಯಾವೂ ನಂಬುವಂಥವಲ್ಲ. ಹುಟ್ಟುವ ಮರಿ ಯಾವುದು ಅನ್ನುವುದು ತಾಯಿಕೋಳಿಯಿಂದ ತೀರ್ಮಾನ ಆಗುತ್ತದೆ, ಅದೂ ತತ್ತಿ ಇಡುವುದಕ್ಕೆ ಮೊದಲೇ.

ಹಾಗಾದರೆ ಹ್ಯಾಚರಿಯವರು ಮೊದಲ ದಿನವೇ ಹೇಗೆ ಬೇರೆ ಮಾಡುತ್ತಾರೆ? ಕೆಲವು ತಳಿಗಳಲ್ಲಿ ರೆಕ್ಕೆ ಬಿಡಿಸಿದರೆ ಗೊತ್ತಾಗುತ್ತದೆ: ಗರಿ ಒಂದು ಉದ್ದ ಒಂದು ಗಿಡ್ಡ ಇದ್ದರೆ ಹೇಂಟೆ, ಎಲ್ಲಾ ಒಂದೇ ಸಮ ಇದ್ದರೆ ಹುಂಜ. ಆದರೆ ಅದಕ್ಕಂತಲೇ ಆರಿಸಿ ಜೋಡಿ ಮಾಡಿದ ತಳಿಯಲ್ಲಿ ಮಾತ್ರ ಇದು ನಡೆಯುತ್ತದೆ, ಅದೂ ಮೊದಲ ಎರಡು-ಮೂರು ದಿನ ಅಷ್ಟೇ. ಇನ್ನೊಂದು, ಮರಿಯ ಹಿಂಭಾಗವನ್ನು ಮೆಲ್ಲಗೆ ಒತ್ತಿ ಒಳಗಿನ ಸಣ್ಣ ಗುಳ್ಳೆ ನೋಡುವುದು. 1920ರ ದಶಕದಲ್ಲಿ ಜಪಾನಿನವರು ಕಂಡುಕೊಂಡದ್ದು. ಕಲಿಯೋಕೆ ತುಂಬಾ ಕಾಲ ಬೇಕು, ಹೊಸಬರು ಒತ್ತಿದರೆ ಕರುಳು ಹೊರಬಂದು ಮರಿ ಸಾಯಬಹುದು. ದಯವಿಟ್ಟು ಮನೆಯಲ್ಲಿ ಮಾಡಬೇಡಿ.

ನಮ್ಮಂಥವರಿಗೆ ಇರುವುದು ಒಂದೇ ದಾರಿ, ಕಾಯುವುದು. ಆದರೆ ಕಾಯುವಾಗ ಗುರುತು ಇಟ್ಟುಕೊಳ್ಳಿ, ಇಲ್ಲಾಂದ್ರೆ ಮೂರನೇ ವಾರಕ್ಕೆ ಯಾವ ಮರಿ ಯಾವುದು ಅಂತ ನಿಮಗೇ ಗೊತ್ತಾಗಲ್ಲ. ನಾನು ಕೌದಿ ಹೊಲಿದು ಉಳಿದ ಬಟ್ಟೆಯಿಂದ ಬೇರೆ ಬೇರೆ ಬಣ್ಣದ ಚೂರು ಕತ್ತರಿಸಿ ಕಾಲಿಗೆ ಸಡಿಲವಾಗಿ ಕಟ್ಟಿದೆ. ಕಾಲು ದಪ್ಪ ಆಗುತ್ತಾ ಹೋಗುತ್ತದೆ, ನಾಲ್ಕೈದು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಒಮ್ಮೆ ಮರೆತು ಒಂದು ಮರಿಯ ಕಾಲು ಬಾತುಕೊಂಡಿತ್ತು.

ಐದು-ಆರನೇ ವಾರದಲ್ಲಿ ಜುಟ್ಟು ನೋಡಿ. ಬೆಳಿಗ್ಗೆ ಜೋಳದ ನುಚ್ಚು ಹಾಕಿದಾಗ ಎಲ್ಲಾ ತಲೆ ಬಗ್ಗಿಸುತ್ತವಲ್ಲ, ಅದೇ ಒಳ್ಳೆ ಹೊತ್ತು. ಹುಂಜದ ಜುಟ್ಟು ಎದ್ದು ನಿಂತು ಕೆಂಪಾಗಲು ಶುರುವಾಗಿರುತ್ತದೆ, ಗಲ್ಲದ ಕೆಳಗೂ ಸಣ್ಣಗೆ ಕೆಂಪು ಜೋಲು ಕಾಣುತ್ತದೆ. ಹೇಂಟೆಯದು ಇನ್ನೂ ಹಳದಿ, ಇಲ್ಲವೇ ತಿಳಿ ಗುಲಾಬಿ, ತಲೆಗೆ ಅಂಟಿಕೊಂಡ ಹಾಗೆ. ಕಾಲೂ ಹುಂಜದ್ದೇ ದಪ್ಪ. ಒಂದು ಮಾತು, ಒಂದೇ ದಿನ ಹುಟ್ಟಿದ ಮರಿಗಳನ್ನೇ ಒಂದಕ್ಕೊಂದು ಹೋಲಿಸಬೇಕು. ಗಿರಿರಾಜ ಮರಿಯ ಪಕ್ಕ ಜವಾರಿ ನಿಲ್ಲಿಸಿ ನೋಡಿದರೆ ಮೋಸ ಹೋಗ್ತೀರಿ, ಅದು ಬೇಗ ಬೆಳೆಯುವ ಕೋಳಿ.

ಕಡಕ್‌ನಾಥ್ ಅನ್ನುವ ಕಪ್ಪು ಕೋಳಿ ತಳಿಗೆ ಈ ಲೆಕ್ಕ ಪೂರ್ತಿ ಹೊಂದಲ್ಲ, ಅದರ ಜುಟ್ಟೇ ಕಪ್ಪು. ಅಸೀಲ್ ಅನ್ನುವ ಕಾಳಗದ ಕೋಳಿಯ ಜುಟ್ಟು ಬಹಳ ಚಿಕ್ಕದು. ಇವೆರಡಕ್ಕೂ ಗರಿ ಬರುವ ತನಕ ಕಾಯಿರಿ.

ಗರಿ ಮಾತ್ರ ಸುಳ್ಳು ಹೇಳಲ್ಲ. ಹತ್ತು-ಹನ್ನೆರಡು ವಾರಕ್ಕೆ ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಾಲ ಶುರುವಾಗುವ ಜಾಗದ ಮೇಲಿನ ಗರಿಯನ್ನು ಬೆರಳಲ್ಲಿ ಸರಿಸಿ ನೋಡಿ. ಹುಂಜದಲ್ಲಿ ತೆಳ್ಳಗೆ, ಉದ್ದಕ್ಕೆ, ತುದಿ ಚೂಪಾಗಿ ಹೊಳೆಯುತ್ತಿರುತ್ತದೆ. ಹೇಂಟೆಯಲ್ಲಿ ತುದಿ ದುಂಡಗೆ, ಉಗುರಿನ ಹಾಗೆ. ನನ್ನ ನೀಲಿ ಚೂರಿನ ಮರಿ ಜುಟ್ಟು ಕೆಂಪಾಗದೆ ಒಂಬತ್ತು ವಾರ ಹೇಂಟೆ ಅನ್ನಿಸಿಕೊಂಡಿತ್ತು, ಅದರ ಬಣ್ಣ ಬಯಲಾಗಿದ್ದೇ ಈ ಗರಿಯಿಂದ.

ಗೊತ್ತಾದ ಮೇಲೆ ಹುಂಜಗಳನ್ನು ಬೇರೆ ಮಾಡಿ, ಇಲ್ಲಾಂದ್ರೆ ಕಾಳೆಲ್ಲಾ ಅವೇ ತಿಂದು ಹೇಂಟೆಗಳನ್ನು ಕುಕ್ಕುತ್ತವೆ. ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಉಳಿದವನ್ನು ಊರ ಜಾತ್ರೆ ತನಕ ಇಟ್ಟುಕೊಳ್ಳಿ, ಗಿರಾಕಿ ಮನೆ ಹುಡುಕಿಕೊಂಡು ಬರುತ್ತಾರೆ.